ಓಪಲ್ ಅಜ್ಜಿಯ ಕೋಳಿ

ಟರ್ಕಿ ಕೋಳಿ ತರಲು ವಿಲ್ಮಾ ಗಂಡನಿಗೆ ಹೇಳಿದ್ದು ಭಾನುವಾರ. ಮೆಲ್ವಿನ್ ಪ್ರೂಯಿಟ್ ಅಂಗಡಿಗೆ ಹೊರಟದ್ದು ಬುಧವಾರ. ಮರುದಿನ ಥ್ಯಾಂಕ್ಸ್‌ಗಿವಿಂಗ್, ಟರ್ಕಿ ಕೋಳಿಯಿಲ್ಲದೆ ನಡೆಯದ ಹಬ್ಬ. ಬೀಗರು ಮೊದಲ ಸಲ ಊಟಕ್ಕೆ ಬರುವವರಿದ್ದರು. ಅವರ ಊರು ಗಾರ್ಡೀನಾದ ಮೂರು ಅಂಗಡಿಗಳಲ್ಲೂ ಕೋಳಿ ಖಾಲಿ. ಮೂವತ್ತು ವರ್ಷ ಬಸ್ಸು ಓಡಿಸಿದವನಿಗೂ ಬರಿಗೈಯಲ್ಲಿ ಮನೆಗೆ ಹೋಗುವ ಧೈರ್ಯ ಬರಲಿಲ್ಲ.

ಆಗ ನೆನಪಾಯಿತು ಇಸ್ಪೀಟು ಮನೆ. ಹಬ್ಬದ ವಾರ ಅಲ್ಲೊಂದು ಪದ್ಧತಿ: ಕೈಯಲ್ಲಿ ಎರಡು ಎಕ್ಕ ಹಿಡಿದೂ ಸೋತ ನತದೃಷ್ಟರಿಗೆ ಸಮಾಧಾನಕ್ಕೆ ಒಂದು ಟರ್ಕಿ ಕೋಳಿ. ವಿಚಾರಿಸಿದರೆ ಉಳಿದಿದ್ದುದು ಒಂದೇ ಒಂದು. ಸೋಲುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಭರವಸೆಯಿಂದ ಮೆಲ್ವಿನ್ ಕುಳಿತ.

ಎರಡು ಗಂಟೆ ಕಳೆದರೂ ಎಕ್ಕದ ಸುಳಿವಿಲ್ಲ. ಎದುರಿಗೆ ಎಪ್ಪತ್ತೊಂಬತ್ತರ ಓಪಲ್ ಅಜ್ಜಿ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಎಂಥ ಎಲೆ ಬಂದರೂ ಪಣ ಏರಿಸುವುದೊಂದೇ ಆಕೆಗೆ ಗೊತ್ತು. ಆಕೆ ಏರಿಸಿದಾಗಲೆಲ್ಲ ಮೆಲ್ವಿನ್ ಎಲೆ ಎಸೆದು, ಆ ಆಟ ಬಿಟ್ಟುಕೊಟ್ಟು ಕಾಫಿ ಕುಡಿಯುತ್ತಿದ್ದ. ಪಕ್ಕದಲ್ಲಿದ್ದ ಹರ್ಷೆಲ್, ಕತ್ತರಿ ಬಿಟ್ಟರೂ ಮಾತು ಬಿಡದ ಹಳೆಯ ಕ್ಷೌರಿಕ, ಅವನನ್ನು ಕೆಣಕುತ್ತಲೇ ಇದ್ದ.

"ಒಂದ್ಸಲಕ್ಕೆ ಇಷ್ಟೇ ಏರಿಸ್ಬೇಕು ಅಂತ ಮಿತಿ ಇರೋ ಆಟ ಕಣೋ ಇದು. ಆಯಮ್ಮ ನಿನ್ನ ಮನೆ ಬರೆಸ್ಕೊಳ್ಳಲ್ಲ. ಅಷ್ಟ್ಯಾಕೆ ಹೆದರ್ತೀಯ?"

ಮುಂದಿನ ಆಟದಲ್ಲಿ ಮೆಲ್ವಿನ್ನನಿಗೆ ಒಂಬತ್ತು, ಎಂಟು ಬಂದವು. ಮೇಜಿನ ಮೇಲೆ ಎಲ್ಲರಿಗೂ ಸೇರಿ ಹಾಕುವ ಎಲೆಗಳಲ್ಲೂ ಒಂದು ಒಂಬತ್ತು, ಒಂದು ಎಂಟು ಬಿದ್ದು ಎರಡು ಜೋಡಿ ಕೂಡಿದವು; ಒಂದೇ ಜೋಡಿಯವರು ಎಷ್ಟು ದೊಡ್ಡ ಎಲೆ ಹಿಡಿದರೂ ಇದಕ್ಕೆ ಸೋಲಬೇಕು. ಅಜ್ಜಿ ಏರಿಸಿದಳು. ಎಂದಿನಂತೆ ಎಸೆಯಲು ಎತ್ತಿದ ಕೈಯನ್ನು ಹರ್ಷೆಲ್ ತಡೆದು ಹಿಡಿದ. ಇಡೀ ಮೇಜು ತನ್ನನ್ನೇ ನೋಡುತ್ತಿದೆ ಎಂದು ಗೊತ್ತಾದಾಗ ಮೆಲ್ವಿನ್ನನಿಗೆ ರೋಷ ಬಂತು. ಜನ್ಮದಲ್ಲಿ ಮೊದಲ ಬಾರಿಗೆ ಅವನೂ ಏರಿಸಿದ. ಅಜ್ಜಿ ಮತ್ತೆ ಏರಿಸಿದಳು. ಕೊನೆಯ ಎಲೆ ಬೀಳುವ ತನಕ ಇಬ್ಬರೂ ಬಿಟ್ಟುಕೊಡಲಿಲ್ಲ.

ಮೆಲ್ವಿನ್ ಎರಡು ಜೋಡಿ ತೋರಿಸಿದ. ಸೋತೆ ಎಂಬಂತೆ ಅಜ್ಜಿ ತಲೆಯಾಡಿಸಿದಳು. ಹರ್ಷೆಲ್ ಅವನ ಬೆನ್ನು ತಟ್ಟಿ, ಇಷ್ಟು ದಿನಕ್ಕೆ ಗಂಡಸಾದೆ ಎಂದ. ನೂರಾ ಹನ್ನೆರಡು ಡಾಲರಿನ ಪಣದ ಬಿಲ್ಲೆಗಳು ಮೆಲ್ವಿನ್ನನ ಕಡೆಗೆ ಜಾರಿ ಬಂದವು. ಅವನಿಗೆ ಕಣ್ಣು ತುಂಬಿ ಬಂತು.

ಓಪಲ್ ಅಜ್ಜಿ ನಿಧಾನವಾಗಿ ತನ್ನ ಎಲೆಗಳನ್ನು ತಿರುಗಿಸಿದಳು. ಎರಡೂ ಎಕ್ಕ.

ವ್ಯವಸ್ಥಾಪಕ ಗಂಟೆ ಬಾರಿಸಿ, ಉಳಿದಿದ್ದ ಆ ಒಂದೇ ಕೋಳಿಯನ್ನು ತಂದು ಅಜ್ಜಿಯ ಮುಂದಿಟ್ಟ. ಎಂದಿನಂತೆ ಎಲೆ ಎಸೆದಿದ್ದರೆ ಅಜ್ಜಿ ಗೆಲ್ಲುತ್ತಿದ್ದಳು, ಕೋಳಿ ಅಲ್ಲೇ ಉಳಿಯುತ್ತಿತ್ತು ಎಂದು ಮೆಲ್ವಿನ್ನನಿಗೆ ಆಗ ಹೊಳೆಯಿತು.

"ಅಮ್ಮಾ, ಅದನ್ನ ನಂಗೆ ಮಾರ್ತೀರಾ? ಇಪ್ಪತ್ತು ಡಾಲರ್ ಕೊಡ್ತೀನಿ."

"ನಾನು ಮಾಂಸ ಬಿಟ್ಟು ಹತ್ತು ವರ್ಷ ಆಯ್ತಪ್ಪ. ಕೊಡೋದಕ್ಕೇನು, ನಲವತ್ತು ಮಾಡು."

ಅವನು ನಲವತ್ತಕ್ಕೆ ಒಪ್ಪಿದ ಆತುರ ನೋಡಿಯೇ ಆಕೆ ಅರವತ್ತಕ್ಕೆ ಏರಿಸಿದಳು. ಅಲ್ಲಿಂದ ತೊಂಬತ್ತಕ್ಕೆ, ಕೊನೆಗೆ ನೂರಾ ಹನ್ನೆರಡಕ್ಕೆ. ಮಿತಿ ಇದ್ದದ್ದು ಇಸ್ಪೀಟಿಗೆ, ಕೋಳಿಗಲ್ಲ. ಬಂದ ಬಿಲ್ಲೆಗಳೆಲ್ಲ ಬಂದ ದಾರಿಯಲ್ಲೇ ಹಿಂದಕ್ಕೆ ಜಾರಿದವು.

ಆದರೂ ಮೆಲ್ವಿನ್ ಕೋಳಿಯನ್ನು ಕೂಸಿನಂತೆ ಎತ್ತಿಕೊಂಡು, ಗೆದ್ದವನ ಗತ್ತಿನಲ್ಲೇ ಮನೆಗೆ ಬಂದು ಅಡುಗೆಮನೆಗೆ ನಡೆದ. ವಿಲ್ಮಾ ಅದನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದಳು. ಚಪ್ಪಡಿ ಕಲ್ಲು ಕುಟ್ಟಿದ ಹಾಗೆ ಸದ್ದಾಯಿತು.

"ಭಾನುವಾರ ತಾ ಅಂದಿದ್ದು ಸುಮ್ನೆ ಅಲ್ಲ ಮೆಲ್ವಿನ್," ಎಂದಳು ಅವಳು. "ಹೀಗೆ ಹೆಪ್ಪುಗಟ್ಟಿದ್ದು ಕರಗೋಕೆ ಮೂರು ದಿನ ಬೇಕು. ಬೀಗರಿಗೆ ಫೋನ್ ಮಾಡಿ, ಹಬ್ಬ ಶನಿವಾರ ಅಂತ ನೀನೇ ಹೇಳು."