ಹೌದಪ್ಪನ ಕಿವಿಯಂತ್ರ

“ಭಾವ, ಇನ್ಮೇಲೆ ನೀವು ಒಂದು ವಿಧೇಯಕವನ್ನೂ ಓದೋದು ಬೇಡ!” ಎಂದ ಮೃತ್ಯುಂಜಯ, ಕಡಲೆಬೀಜದಷ್ಟಿದ್ದ ಯಂತ್ರವನ್ನು ಅಂಗೈಯಲ್ಲಿ ಕುಣಿಸುತ್ತಾ.

“ಈಗೆಲ್ಲಿ ಓದ್ತಾರೆ ಬಿಡೋ!” ಎಂದಳು ಅವನ ಅಕ್ಕ ಪ್ರಮೀಳಾ.

ಅವಳ ಗಂಡ, ಶಾಸಕ ಗುರುಪಾದಪ್ಪನವರಿಗೆ ನಾಚಿಕೆಯಾಯಿತು. ಸೊಗಸೂರು ರಾಜ್ಯದ ಶಾಸನಸಭೆಗೆ ಈಚೆಗೆ ವಿಧೇಯಕಗಳು ಬುಟ್ಟಿಗಟ್ಟಲೆ ಬರುತ್ತಿದ್ದವು. ಸಭಾಧ್ಯಕ್ಷರು “ಒಪ್ಪುವವರು ಹೌದು ಎನ್ನಿ” ಎನ್ನುವುದು, ಇವರೆಲ್ಲ “ಹೌದು” ಎನ್ನುವುದು. ಕಾಫಿ ಆರುವಷ್ಟರಲ್ಲಿ ಕಾನೂನು ತಯಾರು!

“ಇದು ವಿಧೇಯಕ ಓದಿ ಸಾರಾಂಶ ಕಿವೀಲಿ ಹೇಳತ್ತೆ. ಮಾತು ಕಲಿಸಿದ್ದು ಮಾತ್ರ ಅಕ್ಕನ ದನೀಲಿ.”

“ಬೇರೆ ಯಾರೂ ಸಿಗ್ಲಿಲ್ವೇನಯ್ಯಾ?” ಎಂದು ಗೊಣಗುತ್ತಲೇ ಗುರುಪಾದಪ್ಪನವರು ಅದನ್ನು ಕಿವಿಗಿಟ್ಟುಕೊಂಡು ಸಭೆಗೆ ಹೊರಟರು.

ಅಂದು ಬಂದದ್ದು ಜಲಮೂಲ ತಿದ್ದುಪಡಿ ವಿಧೇಯಕ. ಯಂತ್ರ ಸಾರಾಂಶ ಶುರುಮಾಡಿತು. ಹೆಂಡತಿಯ ದನಿ ಕಿವಿಗೆ ಬಿದ್ದದ್ದೇ ತಡ, ಗುರುಪಾದಪ್ಪನವರ ಮನಸ್ಸು ಅಭ್ಯಾಸಬಲದಿಂದ ಬೇರೆಲ್ಲೋ ಹೊರಟುಹೋಯಿತು!

ಅಧ್ಯಕ್ಷರು ಮತ ಕೇಳಿದರು. “ಹೌದು,” ಎಂದರು ಇವರು.

“ಏನಕ್ಕೆ ಹೌದು? ನಾನೇನು ಹೇಳ್ದೆ, ಹೇಳಿ ನೋಡೋಣ!” ಯಂತ್ರ ಗದರಿತು.

ಗಾಬರಿಯಿಂದ ಅದನ್ನು ಕಿತ್ತು ಮೇಜಿಗೆ ಹಾಕಿದರು. ಅದು ಉರುಳಿ ಮೈಕಿಗೆ ಅಂಟಿಕೊಂಡಿತು. ಪ್ರಮೀಳಾಳ ದನಿ ಸಭೆಯೆಲ್ಲ ಮೊಳಗಿತು: “ನಿಮ್ಮೂರ ಕೆರೆ ಇನ್ಮೇಲೆ ಕೆರೆ ಅಲ್ವಂತೆ, ಸೈಟು ಮಾಡೋ ಜಾಗವಂತೆ! ಅದಕ್ಕಾ ಹೌದು?”

ಸಭೆ ಗೊಳ್ಳೆಂದು ನಕ್ಕಿತು. ಗುರುಪಾದಪ್ಪನವರಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಊರಿಗೆಲ್ಲ ಕುಡಿಯುವ ನೀರು ಆ ಕೆರೆಯದೇ. ತನಗೆ ಓಟು ಹಾಕಿದವರ ಬಾಯಿಗೆ ತಾನೇ ಮಣ್ಣು ಹಾಕಿದೆನಲ್ಲ!

“ಅಧ್ಯಕ್ಷರೇ, ನನ್ನ ಹೌದು ವಾಪಸ್ ಕೊಡಿ,” ಎಂದರು ತಲೆ ತಗ್ಗಿಸಿ. “ನಾನು ಓದಿರ್ಲಿಲ್ಲ.”

“ನಿಮ್ಮೊಬ್ಬರದು ಹೋದ್ರೆ ಏನು ಮಹಾ! ಉಳಿದವರು ಹೌದು ಎನ್ನಿ.”

“ಹೌದು!” ಎಂದಿತು ಮುಂದಿನ ಸಾಲು.

“ಯಾವ ಕಲಮಿಗೆ? ಹೇಳಿ ನೋಡೋಣ!” ಮೈಕಿನಿಂದ ಯಂತ್ರ ಗದರಿತು.

ನಗುತ್ತಿದ್ದವರಲ್ಲಿ ಒಬ್ಬರು ಪೇಟ ಸರಿಮಾಡಿಕೊಂಡರು, ಇನ್ನೊಬ್ಬರು ಮೇಜಿನ ಕೆಳಗೆ ಚಪ್ಪಲಿ ಹುಡುಕಿದರು. ವಿಧೇಯಕ ತಂದ ಮಂತ್ರಿಗಳೇ “ಹೌ...” ಎಂದು ಬಾಯಿ ತೆರೆದು, ಮೈಕಿನತ್ತ ನೋಡಿ, ಕೆಮ್ಮಿ ಕೂತುಬಿಟ್ಟರು!

ಕೊನೆಗೆ ಅಧ್ಯಕ್ಷರು ಬೆವರೊರೆಸಿಕೊಂಡು, “ವಿಧೇಯಕ ಪಕ್ಕಕ್ಕಿರಲಿ. ಸಭೆಯನ್ನು ಮುಂದೂಡೋಣವೇ?” ಎಂದರು.

“ಹೌದು!” ಸೂರು ಹಾರಿಹೋಗುವಂತೆ ಕೂಗಿದರು ಎಲ್ಲರೂ. ಕೆರೆ ಸದ್ಯಕ್ಕೆ ಉಳಿಯಿತೆಂದು ಗುರುಪಾದಪ್ಪನವರೂ ಕೂಗಿದರು, ತಗ್ಗಿಸಿದ ತಲೆ ಎತ್ತದೆಯೇ.

ಯಂತ್ರ ಚಕಾರವೆತ್ತಲಿಲ್ಲ. ಏನಕ್ಕೆ ಹೌದೆನ್ನುತ್ತಿದ್ದೇವೆಂದು ಅಂದು ಸಭೆಗೆ ತಿಳಿದಿದ್ದದ್ದು ಅದೊಂದೇ ಸಲ.