ಲ್ಯಾಪ್‌ಟಾಪಿನ ದನಿ ಸಾಲದು ಎಂದವನು

ಒಂದು ವಸ್ತುವಿನ ಜೊತೆ ತಾನಾಗಿ ಬಂದದ್ದನ್ನು ನಂಬುವ ಅಭ್ಯಾಸ ನನಗಿಲ್ಲ. ಹೊಸ ಶರ್ಟಿನ ಗುಂಡಿಗಳನ್ನು ಇನ್ನೊಮ್ಮೆ ಹೊಲಿಸುತ್ತೇನೆ. ಬಾಗಿಲಿಗೆ ಬೀಗವಿದ್ದರೆ ಅದರ ಮೇಲೊಂದು ಬೀಗ ಜಡಿಯುತ್ತೇನೆ. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಕೂತರೆ ಹೀಗಾಗುತ್ತದೆ ಎಂದು ನನ್ನ ವಾದ. ಮದುವೆಯಾದಾಗಲೇ ಹೀಗಿದ್ದರು ಎಂದು ಹೆಂಡತಿ ಸುಮಾಳದು. ಆದ್ದರಿಂದ ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಸ್ಪೀಕರ್ ಸಾಕೋ ಸಾಲದೋ ಎಂಬ ಪ್ರಶ್ನೆ ಎದ್ದಾಗ ನಾನು ಯಾವ ಪಕ್ಷ ಎಂದು ಬೇರೆ ಹೇಳಬೇಕಿಲ್ಲ.

ತಿರುವನಂತಪುರದಲ್ಲಿದ್ದಾಗ ಮಗಳು ಅದಿತಿ ಉಳ್ಳೂರಿನಲ್ಲಿ ಒಬ್ಬರು ಮಿಸ್ ಹತ್ತಿರ ಸಂಗೀತ ಕಲಿಯುತ್ತಿದ್ದಳು. ಅವರೂ ನಮ್ಮ ಮೈಸೂರಿನ ಕಡೆಯವರೇ. ನನಗೆ ಕೊಚ್ಚಿಗೆ ವರ್ಗವಾಗಿ ಕಳಮಶ್ಶೇರಿಯ ಫ್ಲ್ಯಾಟಿಗೆ ಬಂದ ಮೇಲೆ ಪಾಠ ಊಟದ ಮೇಜಿನ ಮೇಲೆ, ಲ್ಯಾಪ್‌ಟಾಪಿನಲ್ಲಿ, ಶನಿವಾರ ಸಂಜೆ ಐದಕ್ಕೆ. ಈ ಪಾಠ ತಪ್ಪಬಾರದು ಎಂಬ ಹಟಕ್ಕೆ ಸಂಗೀತವೊಂದೇ ಕಾರಣವಲ್ಲ. ಇನ್ನೂ ಸ್ವಲ್ಪ ಅನ್ನ ಬೇಕಾ ಎಂದು ನಾನು ಕೇಳಿದರೆ ‘ವೇಂಡ’ ಎನ್ನುವ ಹುಡುಗಿ, ಮಿಸ್ ಎದುರು ಮಾತ್ರ ‘ಇನ್ನೊಂದ್ಸಲ ಹಾಡ್ಲಾ ಮಿಸ್?’ ಎನ್ನುತ್ತಾಳೆ. ನಮ್ಮ ಮಾತಿಗೆಲ್ಲ ಮಲಯಾಳದಲ್ಲೇ ಉತ್ತರ. ಆ ಪಾಠ ನಿಂತರೆ ಅವಳ ಬಾಯಲ್ಲಿ ಕನ್ನಡವೂ ನಿಂತಂತೆ.

ಮೊದಲ ದಿನ ನಾನು ದಂಗಾದದ್ದು ನಿಜ. ಸೂಜಿಯಲ್ಲಿ ಚುಚ್ಚಿದಂಥ ಒಂದಿಷ್ಟು ತೂತು, ಅದರೊಳಗಿಂದ ಉಳ್ಳೂರಿನ ಗಮಕ, ಎರಡು ಸ್ವರಗಳ ನಡುವೆ ಮಿಸ್ ಉಸಿರು ಎಳೆದುಕೊಳ್ಳುವುದು ಕೂಡ. ಮೈ ಜುಮ್ಮೆಂದಿತು. ಆದರೂ ನಂಬಿಕೆ ಬರಲಿಲ್ಲ. ಅದಕ್ಕೆ ತಕ್ಕಂತೆ ಅದಿತಿಯ ತಾಳ ಒಂದೆರಡು ಕಡೆ ತಪ್ಪಿತು. ಸಹಾಯವಾಗಲೆಂದು ನಾನೇ ಪಕ್ಕದಲ್ಲಿ ಕೂತು ಮೇಜಿನ ಮೇಲೆ ಆದಿತಾಳ ಹಾಕತೊಡಗಿದೆ. ತಾಳ ಇನ್ನಷ್ಟು ತಪ್ಪಿತು. ‘ಈ ತಿಂಗಳು ನೋಡೋಣ. ಆಗ್ಲಿಲ್ಲ ಅಂದ್ರೆ ಅಲ್ಲೇ ಯಾರಾದ್ರೂ ಒಳ್ಳೆಯವರನ್ನ ಹುಡುಕ್ಕೊಳ್ಳಿ’ ಎಂದರು ಮಿಸ್.

‘ಆ ಡಬ್ಬಾ ಸ್ಪೀಕರಿನಲ್ಲಿ ಮಗುಗೆ ಏನು ಕೇಳ್ಸತ್ತೆ?’ ಎಂದೆ.

‘ನಂಗೆ ಅಡುಗೆಮನೇಲೂ ಚೆನ್ನಾಗೇ ಕೇಳ್ಸತ್ತೆ ಕಣ್ರೀ’ ಎಂದಳು ಸುಮಾ.

ತಿಂಗಳ ಕೊನೆಯ ಶನಿವಾರ ಪಾಠಕ್ಕೆ ಮೊದಲೇ ಸ್ಪೀಕರ್ ತರುತ್ತೇನೆಂದು ಮೆಟ್ರೊ ಹತ್ತಿ ಎಡಪ್ಪಳ್ಳಿಗೆ ಹೋದೆ. ಅಂಗಡಿಯಾತ ಒಂದೊಂದನ್ನೇ ಹಾಕಿ ತೋರಿಸಿದ. ಒಂದು ನನ್ನ ಪಕ್ಕೆಲುಬನ್ನೇ ಅಲುಗಾಡಿಸಿತು. ಎಲ್ಲವೂ ಚೆನ್ನಾಗಿದ್ದವು, ಎಲ್ಲದರಲ್ಲೂ ಏನೋ ಕೊರತೆ ಕಂಡಿತು, ಅಷ್ಟರಲ್ಲಿ ಐದು ದಾಟಿ ಆರಾಯಿತು. ಕೊನೆಗೆ ಪಕ್ಕೆಲುಬಿನದನ್ನೇ ಹೊತ್ತುಕೊಂಡು, ತಪ್ಪಿತಸ್ಥನ ಮುಖದಲ್ಲಿ ಮನೆ ಸೇರಿದೆ.

ಸುಮಾ ನಗುತ್ತಿದ್ದಳು. ಅದಿತಿ ಒಂದು ಕಡೆಯೂ ತಪ್ಪದೆ ಹಾಡಿದಳಂತೆ. ಪಾಠ ಮುಂದುವರಿಸುವುದಾಗಿ ಮಿಸ್ ತಾವಾಗಿಯೇ ಹೇಳಿದರಂತೆ.

‘ಅದೇ ಲ್ಯಾಪ್‌ಟಾಪಿನಲ್ಲಾ?’

‘ಅದೇ. ಇವತ್ತು ಮೇಜು ಯಾರೂ ಬಡೀತಿಲ್ವಲ್ಲ, ಪ್ರತಿಸಲ ಬಡಿಯೋದು ಯಾರು ಅಂತ ಮಿಸ್ ಕೇಳಿದ್ರು. ನಮ್ಮನೆಯವರು ಅಂದೆ. ಅವರು ಆದಿತಾಳಕ್ಕೆ ಎಂಟರ ಬದಲು ಒಂಬತ್ತು ಎಣಿಸ್ತಾರೆ, ಮಗು ಪಾಪ ಅಪ್ಪನ ಜೊತೆ ಹೋಗಿಬಿಡತ್ತೆ ಅಂದ್ರು.’

ನಾನು ಅಲ್ಲೇ ಕೂತು ಎಣಿಸಿ ನೋಡಿದೆ. ಅಂಗೈಯದೊಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಅಲ್ಲಿಗೆ ನಾಲ್ಕು, ಬೆರಳು ನಿಲ್ಲಿಸಬೇಕು, ಉಳಿದ ನಾಲ್ಕು ಅಂಗೈಯವು. ನಾನು ತೋರುಬೆರಳನ್ನೂ ಸೇರಿಸುತ್ತಿದ್ದೆ. ಇರುವ ಬೆರಳನ್ನು ಎಣಿಸದೆ ಬಿಡುವುದು ನಮ್ಮ ವೃತ್ತಿಯಲ್ಲಿ ಇಲ್ಲ. ನನಗೆ ನಾಚಿಕೆಗಿಂತ ಹೆಚ್ಚು ಬೆರಗಾಯಿತು. ನನ್ನ ಒಂದು ತೋರುಬೆರಳು ಕಳಮಶ್ಶೇರಿಯ ಮೇಜನ್ನು ಮುಟ್ಟಿದ್ದು ಆ ಪುಟ್ಟ ಯಂತ್ರದೊಳಗೆ ಹೊಕ್ಕು ಉಳ್ಳೂರು ತಲುಪಿತ್ತು. ಅಲ್ಲಿ ಅದನ್ನು ಹಿಡಿಯುವ ಕಿವಿಯೂ ಇತ್ತು. ಇಷ್ಟು ದಿನ ನಾನು ಸಾಲದು ಎಂದು ದೂರಿದ್ದು ಇಂಥದ್ದನ್ನು. ಕೈ ಮುಗಿಯೋಣ ಅನ್ನಿಸಿತು.

ಅಷ್ಟರಲ್ಲಿ ಅದಿತಿ ಬಂದು ನನ್ನ ಪಕ್ಕ ನಿಂತಳು.

‘ಅಪ್ಪಾ, ಮುಂದಿನ ಶನಿವಾರಾನೂ ಹೊರಗೆ ಹೋಗ್ತೀರಾ?’

ಶುದ್ಧ ಕನ್ನಡ. ನಡುವೆ ಒಂದೂ ಮಲಯಾಳದ ಪದವಿಲ್ಲ. ಮಗಳು ನನ್ನೊಡನೆ ಹೀಗೊಂದು ಪೂರ್ತಿ ವಾಕ್ಯ ಆಡಲಿ ಎಂದು ವರ್ಷಗಟ್ಟಲೆ ಕಾದಿದ್ದೆ. ಕಣ್ಣು ತುಂಬಿ ಬಂತು. ಎಲ್ಲಿಗೆ ಎಂದು ತಿಳಿಯದಿದ್ದರೂ, ಹೋಗ್ತೀನಿ ಮಗಳೇ ಎಂದೆ.