ಆಯಿಯ ಚಿಪ್ಪಿನ ತೂತು

ವಾದ ಮಾಡಿ ಗೆಲ್ಲುವುದೂ ಒಂದು ಕಾಯಿಲೆ. ನನಗೆ ಅದು ಅಂಟಿದ್ದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ. ಆಗ ಬಹುಮಾನವಾಗಿ ಬಂದ ಸ್ಟೀಲ್ ಡಬ್ಬಿಗಳಲ್ಲಿ ಅವ್ವ ಇವತ್ತಿಗೂ ಸಾಸಿವೆ, ಜೀರಿಗೆ ತುಂಬಿಡುತ್ತಾಳೆ. ದೃಷ್ಟಿ, ಶಕುನ ಒಂದನ್ನೂ ನಂಬದ ನಾನು, ವಿದ್ಯಾಗಿರಿಯ ನಮ್ಮ ಮನೆಯಲ್ಲಿ ಅಣ್ಣನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ, ಒಂದು ದೃಷ್ಟಿಚಿಪ್ಪಿನ ಪರ ವಾದಕ್ಕೆ ನಿಂತೆ.

ಅದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಗೋಕರ್ಣದ ಸಮುದ್ರದಂಡೆಯಲ್ಲಿ ಹೆಕ್ಕಿ ತಂದದ್ದು. ಸಣ್ಣ ಟೊಪ್ಪಿಗೆಯಂಥ ಚಿಪ್ಪು, ನೆತ್ತಿಯಲ್ಲೊಂದು ತೂತು. ಅದರಲ್ಲಿ ಕರಿ ದಾರ ಪೋಣಿಸಿ ಮನೆಯ ಪ್ರತಿ ಕೂಸಿನ ತೊಟ್ಟಿಲಿಗೂ ಸೋದರತ್ತೆ ಕಟ್ಟಬೇಕು. ತೊಟ್ಟಿಲು ಅಟ್ಟದ ಮೇಲಿದ್ದ ಕಾಲದಲ್ಲಿ ಅದು ನನ್ನ ದುರ್ಬೀನು. ಆಯಿ ರೊಟ್ಟಿ ಬಡಿಯುವಾಗ ಆ ತೂತಿಗೆ ಕಣ್ಣಿಟ್ಟರೆ ಆಕೆಯ ಇಳಕಲ್ ಸೀರೆಯ ಕೆಂಪು ಸೆರಗಿನ ಒಂದು ಚೂರು ಮಾತ್ರ ಕಾಣುತ್ತಿತ್ತು. ಅಷ್ಟೇ ಸಾಕಾಗುತ್ತಿತ್ತು. ಈಗ ಆಯಿ ಇಲ್ಲ. ಕೂಸಿಗೆ ಸೋದರತ್ತೆ ನಾನು.

ಅವ್ವ ಸಡಗರದಲ್ಲಿ ಚಿಪ್ಪಿಗೂ ಹಿತ್ತಾಳೆ ಸಾಮಾನಿನಂತೆ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟಿದ್ದಳು. ಹಳೆಯ ಬೂದು ಬಣ್ಣ ಹೋಗಿ ಬೆಳ್ಳಗಾಗಿತ್ತು. ಕೆರೂರಿನಿಂದ ಬಂದ ನನ್ನ ಸೋದರತ್ತೆ, ಅಪ್ಪನ ತಂಗಿ, ಅದನ್ನು ಕೈಗೆತ್ತಿಕೊಂಡವಳೇ ಅವ್ವನಿಗೆ, “ವೈನಿ, ಇದು ನಮ್ಮವ್ವಂದಲ್ಲ. ಖರೇದು ಕಳದು, ಅಂಗಡ್ಯಾಂದು ತಂದು ತೂತು ಹೊಡಿಸೀರಿ” ಅಂದಳು.

ಅವ್ವನ ಕಣ್ಣು ತುಂಬಿತು. ನಾನು ಎದ್ದು ನಿಂತೆ. ಆ ಚಿಪ್ಪಿನ ಬಗ್ಗೆ ಫೋನಿನಲ್ಲಿ ಓದಿಟ್ಟುಕೊಂಡಿದ್ದೆನಲ್ಲ!

“ಅತ್ತಿ, ಇದು ಡಯೊಡೊರಾ ಅನ್ನೂ ಕುಲದ ಸಮುದ್ರದ ಹುಳದ್ದು. ತೂತು ಯಾರೂ ಹೊಡಿಸಿಲ್ರಿ, ಆ ಪ್ರಾಣಿನ ಮಾಡ್ಕೊಂಡದ್ದು. ನೆತ್ತಿಯಿಂದ ಅಂಚಿನ ತನಕ ಗೆರಿ, ಅದಕ್ಕ ಅಡ್ಡ ಗೆರಿ, ಥೇಟ್ ಜಾಳಗಿ. ಒಳಗ ತೂತಿನ ಸುತ್ತ ದಪ್ಪನ ಅಂಚು.”

“ಅದಕ್ಕ್ಯಾಕ ಬೇಕು ತೂತು?” ಅತ್ತೆ ಬಿಡಲಿಲ್ಲ.

“ಒಳಗ ತಗೊಂಡ ನೀರು, ಹೊಲಸು, ಎಲ್ಲಾ ಅಲ್ಲಿಂದನ ಹೊರಗ ಹಾಕತೈತಿ!” ಎಂದೆ, ಚಪ್ಪಾಳೆಗೆ ಕಾಯುವ ಗತ್ತಿನಲ್ಲಿ.

“ಅಂದ್ರ ಕೂಸಿನ ತಲಿ ಮ್ಯಾಲ ಪಾಯಖಾನಿ ಕಟ್ಟಾಕ ಹೊಂಟೀಯೇನ?”

ಹೆಂಗಸರೆಲ್ಲ ನಕ್ಕರು. ನಕ್ಕಾದ ಮೇಲೆ, ಅದನ್ನು ಕಟ್ಟುವುದೇ ಬೇಡವೆಂದರು. ವಾದ ಗೆದ್ದಿದ್ದೆ, ಆಯಿಯ ಚಿಪ್ಪು ಡಬ್ಬಿ ಸೇರುವುದರಲ್ಲಿತ್ತು. ಯಾವುದನ್ನೂ ನಂಬದ ನಾನೇ ಚಿಪ್ಪನ್ನು ಮತ್ತೆ ಅತ್ತೆಯ ಮುಂದೆ ಹಿಡಿದೆ. “ಒಳಗ ಒಮ್ಮೆ ಕೈಯಾಡಿಸಿ ನೋಡ್ರಿ ಅತ್ತಿ” ಎಂದೆ, ಈ ಸಲ ಕೂತುಕೊಂಡೇ.

ಅತ್ತೆ ಒಲ್ಲದ ಮನಸ್ಸಿನಿಂದ ಬೆರಳಾಡಿಸಿದಳು. ದಪ್ಪ ಅಂಚಿನ ಒಂದು ಕಡೆ ಉಗುರು ತಡೆಯಿತು. ದಾರ ತಿಕ್ಕಿ ತಿಕ್ಕಿ ಬಿದ್ದ ಗೀರು. ಅಪ್ಪ, ಅತ್ತೆ, ಅಣ್ಣ, ನಾನು, ಎಲ್ಲರೂ ತೂಗಿಸಿಕೊಂಡ ಗೀರು. ಅತ್ತೆ ಚಿಪ್ಪನ್ನು ಮೆಲ್ಲಗೆ ಕಣ್ಣಿಗೆ ಹಿಡಿದು ಅಡುಗೆಮನೆಯ ಕಡೆ ನೋಡಿದಳು. ಹಾಗಾದರೆ ಆಕೆಯದೂ ಅದೇ ದುರ್ಬೀನು!

“ನಮ್ಮವ್ವಂದ ಐತ್ರಿ ವೈನಿ, ತಪ್ಪು ತಿಳೀಬ್ಯಾಡ್ರಿ” ಎಂದು ನನ್ನ ಕಡೆ ತಿರುಗಿ, “ಕಟ್ಟವಾ. ಪಾಯಖಾನಿ ಇದ್ರ ಇರಲಿ” ಅಂದಳು.

ಕಟ್ಟಿದೆ. ಕೂಸಿನ ಕಿವಿಯಲ್ಲಿ ಆಯಿಯ ಹೆಸರನ್ನೇ ಹೇಳಿದೆ. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಹೆಂಗಸರು ಗುದ್ದುವುದು ನಮ್ಮ ಕಡೆಯ ಪದ್ಧತಿ. ಎಲ್ಲರಿಗಿಂತ ಜೋರಾಗಿ ಗುದ್ದಿದವಳು ಅತ್ತೆ: “ಇದು ನಿನ್ನ ಭಾಷಣಕ್ಕ!”

ಬೆನ್ನು ಸವರಿಕೊಳ್ಳುತ್ತ, ತೂಗುತ್ತಿದ್ದ ಚಿಪ್ಪನ್ನು ನೋಡಿದೆ. ಒಳಗಿನ ಬೇಡದ್ದನ್ನೆಲ್ಲ ಹೊರಹಾಕಲು ಆ ಪ್ರಾಣಿಗೆ ತೂತು ಇರುವುದು ನೆತ್ತಿಯಲ್ಲಿ. ನನಗೆ, ಮೂಗಿನ ಕೆಳಗೆ.